ಸ್ಕ್ಯಾನ್‌ನಲ್ಲಿ ‘ನೀರು ಕಡಿಮೆ’ ಎಂದಾಗ

ಕಳೆದ ವರ್ಷ ನನ್ನ ಚಿಕ್ಕಮ್ಮನ ಮಗಳು ತನ್ನ ಸ್ಕ್ಯಾನ್ ವರದಿಯ ಫೋಟೊ ತೆಗೆದು ನನಗೆ ಕಳುಹಿಸಿದ್ದಳು. ಮೂರು ಪುಟಗಳ ವರದಿ. ಅದರಲ್ಲಿ ಒಂದೇ ಸಾಲಿಗೆ ಯಾರೋ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು: ಎಎಫ್‌ಐ 6.8 (ಗರ್ಭದ ನೀರಿನ ಅಳತೆ). ಮೇಲ್ಗಡೆ ಗರ್ಭದ ವಯಸ್ಸು 36 ವಾರ 2 ದಿನ ಎಂದು ಅಚ್ಚಾಗಿತ್ತು. ಫೋಟೊದ ಕೆಳಗೆ ಅವಳ ಪ್ರಶ್ನೆ: “ಅಕ್ಕಾ, ನೀರು ಕಡಿಮೆಯಂತೆ. ಮಗುವಿನ ಶ್ವಾಸಕೋಶ ಬಲಿತಿರುತ್ತದೆಯೇ? ನಾಳಿದ್ದೇ ಆಪರೇಷನ್ ಮಾಡಿಬಿಡೋಣ ಎನ್ನುತ್ತಿದ್ದಾರೆ.” ಅವಳ ಮನೆಗೆ ಆಗಲೇ ಎಳನೀರಿನ ಗೊನೆ ಬಂದಿಳಿದಿತ್ತು. ಅತ್ತೆಯವರು ಪಂಚಾಂಗ ಹಿಡಿದು ಒಳ್ಳೆಯ ನಕ್ಷತ್ರ ಹುಡುಕುತ್ತಿದ್ದರು.

ಆ ಒಂದು ಸಂದೇಶದಲ್ಲಿ ಎರಡು ಬೇರೆ ಬೇರೆ ಭಯಗಳು ಸೇರಿಕೊಂಡಿದ್ದವು. ಗರ್ಭದ ನೀರು ಸಾಕಷ್ಟಿದೆಯೇ ಎಂಬುದು ಒಂದು. ಮಗುವಿನ ಶ್ವಾಸಕೋಶ ಹೊರಗಿನ ಗಾಳಿಗೆ ಸಿದ್ಧವಾಗಿದೆಯೇ ಎಂಬುದು ಇನ್ನೊಂದು. ಇವೆರಡಕ್ಕೂ ನಂಟಿರುವುದು ನಿಜ. ಆದರೆ ಆ ನಂಟು ಗಟ್ಟಿಯಾಗಿರುವುದು ನಾವು ಹೆದರುವ ಒಂಬತ್ತನೆಯ ತಿಂಗಳಿನಲ್ಲಿ ಅಲ್ಲ, ಅದಕ್ಕಿಂತ ಬಹಳ ಮೊದಲು. ಈ ಗೊಂದಲದ ಮೇಲೆಯೇ ಎಷ್ಟೋ ಮಕ್ಕಳು ಹುಟ್ಟುವ ದಿನ ನಿರ್ಧಾರವಾಗುತ್ತಿದೆ ಎಂಬುದು ನನ್ನನ್ನು ಕಾಡುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಗರ್ಭದ ನೀರು ನಿಂತ ನೀರಲ್ಲ. ಬಸುರಿ ಕುಡಿದ ನೀರೇ ನೇರವಾಗಿ ಹೋಗಿ ಮಗುವಿನ ಸುತ್ತ ತುಂಬಿಕೊಳ್ಳುತ್ತದೆ ಎಂದು ಅನೇಕರು ತಿಳಿದಿದ್ದಾರೆ, ಅದು ಹಾಗಲ್ಲ. ಮೊದಲ ತಿಂಗಳುಗಳಲ್ಲಿ ತಾಯಿಯ ಮತ್ತು ಮಗುವಿನ ರಕ್ತದ ದ್ರವ ಪೊರೆಗಳ ಮೂಲಕ ಒಸರಿ ಈ ನೀರಾಗುತ್ತದೆ. ಗರ್ಭದ ಎರಡನೆಯ ಭಾಗದಲ್ಲಿ ಮಾತ್ರ ಅದರ ಮುಖ್ಯ ಮೂಲ ಮಗುವಿನ ಮೂತ್ರ. ದಿನ ತುಂಬುತ್ತಿರುವ ಮಗು ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಮೂತ್ರ ವಿಸರ್ಜಿಸುತ್ತದೆ. ಅದರ ಶ್ವಾಸಕೋಶವೂ ತನ್ನ ಪಾಲಿನ ದ್ರವವನ್ನು ಸೇರಿಸುತ್ತದೆ. ಇನ್ನೊಂದು ಕಡೆ ಮಗು ಅದೇ ನೀರನ್ನು ನುಂಗುತ್ತಿರುತ್ತದೆ, ಉಳಿದದ್ದು ಪೊರೆಗಳ ಮೂಲಕ ಮಾಸಿನ (ಪ್ಲಸೆಂಟಾ) ರಕ್ತಕ್ಕೆ ಹಿಂತಿರುಗುತ್ತದೆ. ಬರುವುದಕ್ಕೂ ಹೋಗುವುದಕ್ಕೂ ಹೊಂದಿಕೆಯಾಗಿ 34 ವಾರದ ಹೊತ್ತಿಗೆ ಸುಮಾರು 800 ಮಿಲಿಲೀಟರ್ ನೀರು ಇರುತ್ತದೆ. ದಿನ ಮೀರಿದ ಮೇಲೆ ಅದು ತಾನಾಗಿಯೇ ಇಳಿಯುತ್ತದೆ. ಒಂಬತ್ತನೆಯ ತಿಂಗಳ ಕೊನೆಯಲ್ಲಿ ನೀರು ಮೊದಲಿಗಿಂತ ಕಡಿಮೆಯಾಗುವುದು ಬಹುಮಟ್ಟಿಗೆ ಪ್ರಕೃತಿಯ ಲೆಕ್ಕವೇ ಹೊರತು ಕಾಯಿಲೆಯಲ್ಲ.

ಇಲ್ಲಿ ಶ್ವಾಸಕೋಶದ ಪಾತ್ರವನ್ನು ಸ್ವಲ್ಪ ನಿಂತು ನೋಡಬೇಕು. ಹೊಟ್ಟೆಯಲ್ಲಿರುವ ಮಗುವಿನ ಶ್ವಾಸಕೋಶದಲ್ಲಿ ಗಾಳಿ ಇಲ್ಲ, ನೀರಿದೆ. ಆ ನೀರನ್ನು ಶ್ವಾಸಕೋಶವೇ ತಯಾರಿಸುತ್ತದೆ. ಒಳಗಿನಿಂದ ಅದು ಒತ್ತಿ ಹಿಗ್ಗಿಸುತ್ತಿರುವುದರಿಂದಲೇ ಶ್ವಾಸನಾಳಗಳು ಕವಲೊಡೆದು ಮರದಂತೆ ಹರಡುತ್ತವೆ. ಮಗು ಉಸಿರಾಡುವಂತೆ ಎದೆಯನ್ನು ಆಡಿಸುವ ಅಭ್ಯಾಸವನ್ನೂ ಮೂರನೆಯ ತಿಂಗಳಿನಿಂದಲೇ ನಡೆಸುತ್ತದೆ. ಹೊರಗೆ ಸುತ್ತಲೂ ಗರ್ಭದ ನೀರಿದ್ದರೆ ಮಾತ್ರ ಒಳಗಿನ ನೀರು ಹೊರಕ್ಕೆ ಬಸಿದುಹೋಗದೆ ನಿಲ್ಲುತ್ತದೆ. ಸುತ್ತಲಿನ ನೀರು ಬತ್ತಿದರೆ ಶ್ವಾಸಕೋಶವೂ ಬತ್ತುತ್ತದೆ.

ಇದನ್ನು ವೈದ್ಯಲೋಕ ಕಲಿತದ್ದು ಅತ್ಯಂತ ದುಃಖದ ಪ್ರಕರಣಗಳಿಂದ. ಶಿಕಾಗೊದ ರೋಗಶಾಸ್ತ್ರಜ್ಞೆ ಈಡಿತ್ ಪಾಟರ್ 1946ರಲ್ಲಿ ಎರಡೂ ಮೂತ್ರಪಿಂಡಗಳಿಲ್ಲದೆ ಹುಟ್ಟಿದ ಮಕ್ಕಳ ಬಗ್ಗೆ ಬರೆದರು. ಮೂತ್ರಪಿಂಡ ಇಲ್ಲವೆಂದರೆ ಮೂತ್ರ ಇಲ್ಲ, ಮೂತ್ರ ಇಲ್ಲವೆಂದರೆ ಗರ್ಭದ ನೀರೂ ಇಲ್ಲ. ಆ ಮಕ್ಕಳು ಹುಟ್ಟಿದ ಕೂಡಲೇ ಸಾಯುತ್ತಿದ್ದುದು ಮೂತ್ರಪಿಂಡದ ವೈಫಲ್ಯದಿಂದ ಅಲ್ಲ, ಉಸಿರಾಡಲಾಗದೆ. ಅವರ ಶ್ವಾಸಕೋಶ ಬೆಳೆದೇ ಇರುತ್ತಿರಲಿಲ್ಲ. ಇತ್ತೀಚೆಗೆ, 2023ರಲ್ಲಿ, ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಪುರಾವೆ ಬಂದಿತು. ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಇಂತಹ ಗರ್ಭಗಳಿಗೆ ಹೊರಗಿನಿಂದ ಸೂಜಿಯ ಮೂಲಕ ಮತ್ತೆ ಮತ್ತೆ ದ್ರವ ತುಂಬಿಸಲಾಯಿತು. ಜೀವಂತ ಹುಟ್ಟಿದ 17 ಮಕ್ಕಳಲ್ಲಿ 14 ಮಕ್ಕಳು ಎರಡು ವಾರ ಬದುಕಿ ಡಯಾಲಿಸಿಸ್ ಹಂತ ತಲುಪಿದರು. ನೀರು ಕೊಟ್ಟರೆ ಶ್ವಾಸಕೋಶ ಬೆಳೆಯುತ್ತದೆ ಎಂಬುದು ಖಚಿತವಾಯಿತು. ಆದರೆ ಆಸ್ಪತ್ರೆಯಿಂದ ಮನೆಗೆ ಹೋದದ್ದು ಆರೇ ಮಕ್ಕಳು. ಮೂತ್ರಪಿಂಡ ಇಲ್ಲದ ಹಸುಗೂಸನ್ನು ಉಳಿಸಿಕೊಳ್ಳುವುದು ಅಷ್ಟು ಕಷ್ಟ.

ಹಾಗಾದರೆ ಯಾವ ತಿಂಗಳು ಮುಖ್ಯ? ಶ್ವಾಸಕೋಶದ ಗೂಡುಗಳು ರೂಪುಗೊಳ್ಳುವ ನಿರ್ಣಾಯಕ ಕಾಲ ಸುಮಾರು 16ರಿಂದ 26ನೆಯ ವಾರ. ಐದನೆಯ ತಿಂಗಳಿನಲ್ಲಿ ನೀರಿನ ಚೀಲ ಒಡೆದು ನೀರು ಪೂರ್ತಿ ಸೋರಿಹೋದರೆ ಶ್ವಾಸಕೋಶ ಕುಂಠಿತವಾಗುವ ಭಯ ನಿಜವಾದದ್ದು. 36ನೆಯ ವಾರದಲ್ಲಿ ನೀರಿನ ಅಳತೆ ಸ್ವಲ್ಪ ಇಳಿದರೆ ಶ್ವಾಸಕೋಶ ಚಿಕ್ಕದಾಗುವುದಿಲ್ಲ, ಏಕೆಂದರೆ ಆ ಕಟ್ಟಡ ಆಗಲೇ ಎದ್ದು ನಿಂತಿರುತ್ತದೆ. ಶ್ವಾಸಕೋಶ ಬೆಳೆಯುವುದು ಬೇರೆ, ಬಲಿಯುವುದು ಬೇರೆ. ನೀರು ನೋಡಿಕೊಳ್ಳುವುದು ಬೆಳವಣಿಗೆಯನ್ನು. ಬಲಿಯುವುದಕ್ಕೆ ಬೇಕಾದದ್ದು ಮುಖ್ಯವಾಗಿ ಕಾಲ. ಸಲಹಾ ಕೊಠಡಿಯ ಐದು ನಿಮಿಷಗಳಲ್ಲಿ ಈ ಭೇದವನ್ನು ಬಿಡಿಸಿ ಹೇಳುವವರು ಕಡಿಮೆ.

ಇನ್ನು ಆ ಕೆಂಪು ಸುತ್ತಿನೊಳಗಿನ ಸಂಖ್ಯೆ. ಎಎಫ್‌ಐ ಎಂಬ ಅಳತೆಯನ್ನು ಕ್ಯಾಲಿಫೋರ್ನಿಯಾದ ಫೆಲನ್ ಮತ್ತು ಅವರ ಜೊತೆಗಾರರು 1987ರಲ್ಲಿ ಬಳಕೆಗೆ ತಂದರು. ಹೊಕ್ಕುಳನ್ನು ನಡುವಾಗಿಟ್ಟುಕೊಂಡು ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಳ್ಳಬೇಕು. ಪ್ರತಿ ಭಾಗದಲ್ಲಿ ಕೈಕಾಲು, ಹೊಕ್ಕುಳಬಳ್ಳಿ ಇಲ್ಲದ ಅತ್ಯಂತ ಆಳದ ನೀರಿನ ಜಾಗವನ್ನು ಹುಡುಕಿ ಸೆಂಟಿಮೀಟರ್‌ನಲ್ಲಿ ಅಳೆಯಬೇಕು. ನಾಲ್ಕನ್ನೂ ಕೂಡಿಸಿದರೆ ಎಎಫ್‌ಐ. 5ರವರೆಗೆ ಇದ್ದರೆ ಕಡಿಮೆ, 24 ಅಥವಾ 25 ದಾಟಿದರೆ ಹೆಚ್ಚು. ಅಂದರೆ 6.8 ಎಂಬುದು ಈ ಅಳತೆಯ ಲೆಕ್ಕದಲ್ಲೇ ‘ಕಡಿಮೆ’ ಅಲ್ಲ, ಗಡಿಯ ಹತ್ತಿರ ಅಷ್ಟೆ.

ಅದಕ್ಕಿಂತ ದೊಡ್ಡ ಮಾತು, ಇದು ನೀರಿನ ಪ್ರಮಾಣದ ನೇರ ಅಳತೆಯೇ ಅಲ್ಲ. ಒಳಗೆ ಎಷ್ಟು ಮಿಲಿಲೀಟರ್ ಇದೆ ಎಂದು ನಿಖರವಾಗಿ ತಿಳಿಯಬೇಕಾದರೆ ಸೂಜಿಯಿಂದ ಬಣ್ಣದ ದ್ರವ ಸೇರಿಸಿ ಅದು ಎಷ್ಟು ತೆಳುವಾಯಿತು ಎಂದು ನೋಡಬೇಕು. ಅದನ್ನು ಸಂಶೋಧನೆಯಲ್ಲಿ ಮಾಡಿದ್ದಾರೆ, ದಿನನಿತ್ಯದ ತಪಾಸಣೆಯಲ್ಲಿ ಮಾಡುವಂತಹದ್ದಲ್ಲ. ಸ್ಕ್ಯಾನ್ ಕೊಡುವುದು ಒಂದು ಅಂದಾಜು. ಸ್ಕ್ಯಾನ್ ಮಾಡುವ ಪ್ರೋಬನ್ನು ಹೊಟ್ಟೆಯ ಮೇಲೆ ಸ್ವಲ್ಪ ಗಟ್ಟಿಯಾಗಿ ಒತ್ತಿದರೆ ಸಂಖ್ಯೆ ಇಳಿಯುತ್ತದೆ. ಮಗು ಮಗ್ಗುಲು ಬದಲಾಯಿಸಿದರೆ ಬದಲಾಗುತ್ತದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿಕೊಂಡು ಅಳೆದರೆ ಹೊಕ್ಕುಳಬಳ್ಳಿಯಿರುವ ಜಾಗಗಳೆಲ್ಲ ಕಳೆದುಹೋಗಿ ಇನ್ನಷ್ಟು ಕಡಿಮೆ ಕಾಣುತ್ತದೆ. ಬಿಸಿಲಿನಲ್ಲಿ ಬಂದು, ಸರದಿಯಲ್ಲಿ ಎರಡು ಗಂಟೆ ನೀರು ಕುಡಿಯದೆ ಕುಳಿತ ಹೆಂಗಸಿನ ಸಂಖ್ಯೆಯೂ ಕಡಿಮೆ ಬರಬಹುದು. ತಾಯಿ ಚೆನ್ನಾಗಿ ನೀರು ಕುಡಿದರೆ ಕೆಲವೇ ಗಂಟೆಗಳಲ್ಲಿ ಎಎಫ್‌ಐ ಏರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಎಳನೀರಿನ ಗೊನೆಗೂ ಇಲ್ಲಿ ಒಂದಿಷ್ಟು ನ್ಯಾಯವಿದೆ. ಎಳನೀರು ಒಳ್ಳೆಯದು, ಬರಿಯ ನೀರೂ ಅಷ್ಟೇ ಒಳ್ಳೆಯದು. ಆದರೆ ಹಾಗೆ ಏರಿಸಿದ ಸಂಖ್ಯೆಯಿಂದ ಮಗುವಿಗೆ ನಿಜವಾಗಿ ಎಷ್ಟು ಲಾಭ ಎಂಬುದನ್ನು ಆ ಪ್ರಯೋಗಗಳು ಸಾಬೀತು ಮಾಡಿಲ್ಲ. ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಅಮೈನೊ ಆಮ್ಲದ ಡ್ರಿಪ್, ಆರ್ಜಿನಿನ್ ಪುಡಿಯ ಪೊಟ್ಟಣಗಳ ಬಗ್ಗೆ ಇರುವ ಪುರಾವೆಯಂತೂ ಇನ್ನೂ ತೆಳು.

ನಾಲ್ಕು ಜಾಗ ಕೂಡಿಸುವ ಬದಲು ಒಂದೇ ಒಂದು, ಅತ್ಯಂತ ಆಳದ ಜಾಗವನ್ನು ಅಳೆಯುವ ಇನ್ನೊಂದು ಕ್ರಮವಿದೆ. ಅದು 2ರಿಂದ 8 ಸೆಂಟಿಮೀಟರ್ ಇದ್ದರೆ ಸರಿ. ಯಾವುದು ಉತ್ತಮ ಎಂಬ ಪ್ರಶ್ನೆಗೆ ಜರ್ಮನಿಯ ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಸ್ಪಷ್ಟ ಉತ್ತರ ಕೊಟ್ಟಿತು. ಎಎಫ್‌ಐ ಬಳಸಿದ ಗುಂಪಿನಲ್ಲಿ ಶೇ 9.8 ಮಂದಿಗೆ ‘ನೀರು ಕಡಿಮೆ’ ಎಂಬ ಹಣೆಪಟ್ಟಿ ಬಿದ್ದಿತು. ಒಂದೇ ಜಾಗ ಅಳೆದ ಗುಂಪಿನಲ್ಲಿ ಅದು ಶೇ 2.2 ಮಾತ್ರ. ಮೊದಲ ಗುಂಪಿನಲ್ಲಿ ನೀರಿನ ಕಾರಣಕ್ಕೆ ನೋವು ಬರಿಸಿದ ಹೆರಿಗೆಗಳೂ ಹೆಚ್ಚಾದವು. ಮಕ್ಕಳ ಆರೋಗ್ಯದಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ, ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಹೋದ ಮಕ್ಕಳ ಪ್ರಮಾಣ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಆಗಿತ್ತು. ಅದಕ್ಕೂ ಎಂಟು ವರ್ಷ ಮೊದಲು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಇದೇ ಮಾತನ್ನು ಹೇಳಿತ್ತು. ಆದರೂ ನಮ್ಮ ಊರುಗಳ ಬಹುಪಾಲು ವರದಿಗಳಲ್ಲಿ ಇಂದಿಗೂ ಎದ್ದು ಕಾಣುವುದು ಎಎಫ್‌ಐ. ಇದನ್ನು ನಾನು ಸಣ್ಣ ವಿಷಯ ಎಂದುಕೊಂಡಿಲ್ಲ. ಯಾವ ಅಳತೆಗೋಲು ಹಿಡಿದೆವು ಎಂಬುದರ ಮೇಲೆ ಒಬ್ಬ ಹೆಂಗಸಿನ ಹೊಟ್ಟೆಗೆ ಕತ್ತರಿ ಬೀಳುವುದೋ ಇಲ್ಲವೋ ನಿರ್ಧಾರವಾಗುವುದಾದರೆ, ಆ ಅಳತೆಗೋಲಿನ ಪ್ರಶ್ನೆ ಅವಳದೂ ಹೌದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 21.5ರಷ್ಟು ಹೆರಿಗೆಗಳು ಸಿಸೇರಿಯನ್. ಕರ್ನಾಟಕದಲ್ಲಿ ಶೇ 31.5. ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಪ್ರಮಾಣ ಶೇ 23.6 ಇತ್ತು. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3, ಖಾಸಗಿಯಲ್ಲಿ ಶೇ 47.4. ಸಮೀಕ್ಷೆ ಕಾರಣ ಕೇಳುವುದಿಲ್ಲವಾದ್ದರಿಂದ ಇದಷ್ಟನ್ನೂ ನೀರಿನ ತಲೆಗೆ ಕಟ್ಟಲಾಗದು. ಆದರೆ ಇತ್ತೀಚೆಗೆ ಹೆತ್ತ ಹತ್ತು ಹೆಂಗಸರನ್ನು ಆಪರೇಷನ್ ಏಕಾಯಿತು ಎಂದು ಕೇಳಿ ನೋಡಿ. ‘ನೀರು ಕಡಿಮೆಯಾಗಿತ್ತು’ ಎಂಬ ಉತ್ತರ ಎಷ್ಟು ಸಲ ಬರುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.

ವೈದ್ಯರನ್ನಷ್ಟೇ ದೂರಿದರೆ ನ್ಯಾಯವಾಗುವುದಿಲ್ಲ. ನೀರು ನಿಜವಾಗಿಯೂ ಬತ್ತಿದಾಗ ಕಾದು ಕುಳಿತು, ಮಗು ಹೊಟ್ಟೆಯಲ್ಲೇ ತೀರಿಕೊಂಡರೆ ಆ ಮನೆಯವರ ಸಂಕಟವನ್ನೂ ಸಿಟ್ಟನ್ನೂ ಎದುರಿಸಬೇಕಾದವರು ಅವರೇ. ಆ ಭಯ ಸುಳ್ಳಲ್ಲ. ಮಾಸು ಸರಿಯಾಗಿ ಕೆಲಸ ಮಾಡದೆ ಮಗುವಿಗೆ ರಕ್ತ ಕಡಿಮೆ ಹೋದಾಗ, ಮಗು ಮಿದುಳು ಮತ್ತು ಹೃದಯಕ್ಕೆ ರಕ್ತವನ್ನು ಕಾಯ್ದಿರಿಸಿ ಮೂತ್ರಪಿಂಡಕ್ಕೆ ಕಡಿತ ಮಾಡುತ್ತದೆ. ಮೂತ್ರ ಇಳಿಯುತ್ತದೆ, ನೀರೂ ಇಳಿಯುತ್ತದೆ. ಹಾಗಾಗಿಯೇ ನೀರಿನ ಅಳತೆಗೆ ಬೆಲೆ ಬಂದದ್ದು. ಅದು ಮಾಸಿನ ಸ್ಥಿತಿಯನ್ನು ದೂರದಿಂದ ತೋರಿಸುವ ಕನ್ನಡಿ. ಕನ್ನಡಿಯಲ್ಲಿ ಮಸುಕು ಕಂಡಾಗ ನೇರವಾಗಿ ನೋಡಬೇಕಾದ ಬೇರೆ ಸಂಗತಿಗಳಿವೆ: ಮಗುವಿನ ತೂಕ ವಾರದಿಂದ ವಾರಕ್ಕೆ ಏರುತ್ತಿದೆಯೇ, ಹೊಕ್ಕುಳಬಳ್ಳಿಯ ರಕ್ತದ ಹರಿವು ಡಾಪ್ಲರ್‌ನಲ್ಲಿ ಸರಿಯಿದೆಯೇ, ಮಗು ಮಿಸುಕಾಡುತ್ತಿದೆಯೇ, ತಾಯಿಯ ರಕ್ತದೊತ್ತಡ ಹೇಗಿದೆ, ನೀರು ಸೋರುತ್ತಿದೆಯೇ. ಮಿಸುಕಾಟ ಕಡಿಮೆಯಾದರೆ, ಬಟ್ಟೆ ಒದ್ದೆಯಾಗುವಂತೆ ನೀರು ಹೋಗುತ್ತಿದ್ದರೆ ಯಾವ ಲೇಖನವನ್ನೂ ಓದುತ್ತ ಕೂರಬಾರದು, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಕಾರಣವನ್ನು ಮನೆಯಲ್ಲೇ ತಡೆಯಬಹುದು. ಬೆನ್ನುನೋವಿಗೆ, ಹಲ್ಲುನೋವಿಗೆ ಔಷಧದ ಅಂಗಡಿಯಲ್ಲಿ ಕೇಳಿ ತರುವ ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂತಹ ಮಾತ್ರೆಗಳು ಮಗುವಿನ ಮೂತ್ರಪಿಂಡದ ಮೇಲೆ ಪರಿಣಾಮ ಬೀರಿ ನೀರನ್ನು ಇಳಿಸಬಲ್ಲವು. 20 ವಾರಗಳ ನಂತರ ಇವುಗಳಿಂದ ದೂರವಿರಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ. ವೈದ್ಯರು ಬಸುರಿಯರಿಗೆ ಬರೆದುಕೊಡುವ ಸಣ್ಣ ಪ್ರಮಾಣದ ಆಸ್ಪಿರಿನ್ ಈ ಎಚ್ಚರಿಕೆಗೆ ಸೇರಿಲ್ಲ.

ನನ್ನ ಚಿಕ್ಕಮ್ಮನ ಮಗಳನ್ನು ಮರುದಿನ ಇನ್ನೊಬ್ಬ ವೈದ್ಯೆಯ ಬಳಿಗೆ ಕರೆದುಕೊಂಡು ಹೋದೆವು. ಅವರು ಒಂದೇ ಜಾಗದ ಆಳ ನೋಡಿದರು, 3.4 ಸೆಂಟಿಮೀಟರ್ ಬಂದಿತು. ಡಾಪ್ಲರ್ ಚೆನ್ನಾಗಿತ್ತು. ಮಗು ಒದೆಯುತ್ತಿತ್ತು. “ನೀರಿಗೆ ಏನೂ ಆಗಿಲ್ಲಮ್ಮ, ವಾರಕ್ಕೊಮ್ಮೆ ಬಂದು ತೋರಿಸಿ” ಎಂದರು. ಆದರೆ ಅವಳ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಶ್ವಾಸಕೋಶ ಬಲಿತಿದೆಯೇ? ಬಲಿತಿದ್ದರೆ ಈಗಲೇ ಹೆರಿಗೆ ಮಾಡಿಸಿದರೆ ತಪ್ಪೇನು?

ಶ್ವಾಸಕೋಶ ಬಲಿಯುವುದು ಎಂದರೆ ಏನೆಂದು ತಿಳಿದದ್ದೇ 1959ರಲ್ಲಿ. ಅಲ್ಲಿಯವರೆಗೆ ದಿನ ತುಂಬದೆ ಹುಟ್ಟಿದ ಮಕ್ಕಳು ಎದೆಗೂಡು ಒಳಕ್ಕೆ ಸೆಳೆದುಕೊಂಡು, ನರಳುತ್ತ, ನೀಲಿಗಟ್ಟಿ ಸಾಯುವುದಕ್ಕೆ ಕಾರಣ ಯಾರಿಗೂ ಗೊತ್ತಿರಲಿಲ್ಲ. ಬಾಸ್ಟನ್ನಿನ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ಅದನ್ನು ಕಂಡುಹಿಡಿದರು. ಆ ಮಕ್ಕಳ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಪದಾರ್ಥ ಇರಲಿಲ್ಲ. ಮಳೆಯಲ್ಲಿ ನೆನೆದ ಎರಡು ಪ್ಲಾಸ್ಟಿಕ್ ಹಾಳೆಗಳು ಹೇಗೆ ಅಂಟಿಕೊಳ್ಳುತ್ತವೆಯೋ ಹಾಗೆ ಒದ್ದೆಯಾದ ಗಾಳಿಗೂಡಿನ ಗೋಡೆಗಳು ಪ್ರತಿ ಉಸಿರು ಬಿಟ್ಟಾಗಲೂ ಅಂಟಿಕೊಳ್ಳಲು ನೋಡುತ್ತವೆ. ಅಂಟುವಾಳದ ನೀರಿನಲ್ಲಿ ಗುಳ್ಳೆ ಏಳುತ್ತದೆ, ಬರಿಯ ನೀರಿನಲ್ಲಿ ಏಳುವುದಿಲ್ಲ. ಶ್ವಾಸಕೋಶದಲ್ಲಿ ಅಂಟುವಾಳದ ಆ ಕೆಲಸವನ್ನು ಸರ್ಫ್ಯಾಕ್ಟಂಟ್ ಮಾಡುತ್ತದೆ. ಸುಮಾರು 24ನೆಯ ವಾರದಲ್ಲಿ ಅದರ ತಯಾರಿ ಶುರುವಾಗಿ, ಸಾಕಷ್ಟಾಗುವುದು 35ರ ಆಸುಪಾಸಿನಲ್ಲಿ. ನಾಲ್ಕು ವರ್ಷಗಳ ನಂತರ, 1963ರ ಆಗಸ್ಟ್‌ನಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ ಎರಡೇ ದಿನಕ್ಕೆ ಇದೇ ಕಾಯಿಲೆಯಿಂದ ತೀರಿಕೊಂಡ. ಎರಡು ಕೆ.ಜಿ.ಗೂ ಮಿಕ್ಕಿದ ತೂಕವಿದ್ದ ಮಗು. ಇಂದು ನಮ್ಮ ಜಿಲ್ಲಾ ಆಸ್ಪತ್ರೆಯೂ ಉಳಿಸಿಕೊಳ್ಳಬಹುದಾದ ಅಂತಹ ಮಗುವನ್ನು ಅಂದು ಇಡೀ ಅಮೆರಿಕ ಉಳಿಸಿಕೊಳ್ಳಲಾಗಲಿಲ್ಲ. ಜಪಾನಿನ ಫುಜಿವಾರಾ 1980ರಲ್ಲಿ ಸರ್ಫ್ಯಾಕ್ಟಂಟನ್ನೇ ಮಕ್ಕಳ ಶ್ವಾಸನಾಳಕ್ಕೆ ಹಾಕಿ ಗೆದ್ದ ಮೇಲೆ ಪರಿಸ್ಥಿತಿ ಬದಲಾಯಿತು.

ಮಗುವಿನ ಶ್ವಾಸಕೋಶದ ದ್ರವ ಗರ್ಭದ ನೀರಿಗೆ ಸೇರುತ್ತದೆ ಎಂದೆನಲ್ಲ. ಹಾಗಾದರೆ ಆ ನೀರನ್ನು ತೆಗೆದು ಪರೀಕ್ಷಿಸಿದರೆ ಶ್ವಾಸಕೋಶದ ಸ್ಥಿತಿ ತಿಳಿಯಬೇಕು. ಈ ಸೊಗಸಾದ ತರ್ಕದಿಂದ 1971ರಲ್ಲಿ ಲೂಯಿ ಗ್ಲಕ್ ಒಂದು ಪರೀಕ್ಷೆಯನ್ನು ರೂಪಿಸಿದರು. ಲೆಸಿಥಿನ್ ಎಂಬ ಕೊಬ್ಬು ಶ್ವಾಸಕೋಶ ಬಲಿತಂತೆ ಏರುತ್ತದೆ, ಸ್ಫಿಂಗೊಮೈಲಿನ್ ಎಂಬ ಇನ್ನೊಂದು ಕೊಬ್ಬು ಹೆಚ್ಚು ಬದಲಾಗದೆ ಉಳಿಯುತ್ತದೆ. ಮೊದಲನೆಯದು ಎರಡನೆಯದರ ಎರಡು ಪಟ್ಟಾದರೆ ಶ್ವಾಸಕೋಶ ಬಲಿತಿದೆ ಎಂದು ಅರ್ಥ. ಮರುವರ್ಷ ಇನ್ನೂ ಸರಳವಾದ ಪರೀಕ್ಷೆ ಬಂದಿತು. ಗರ್ಭದ ನೀರಿಗೆ ಆಲ್ಕೊಹಾಲ್ ಸೇರಿಸಿ ಕೊಳವೆಯನ್ನು ಕುಲುಕುವುದು, ಅಂಚಿನಲ್ಲಿ ನೊರೆಯ ಉಂಗುರ ಕಾಲು ಗಂಟೆ ನಿಂತರೆ ಸರ್ಫ್ಯಾಕ್ಟಂಟ್ ಇದೆ ಎಂದು ತಿಳಿಯುವುದು. ಆಮೇಲೆ ರಕ್ತಕಣ ಎಣಿಸುವ ಯಂತ್ರದಲ್ಲೇ ಸರ್ಫ್ಯಾಕ್ಟಂಟಿನ ಸಣ್ಣ ಪೊಟ್ಟಣಗಳನ್ನು ಎಣಿಸುವ ವಿಧಾನವೂ ಬಂದಿತು. ಮೂರ್ನಾಲ್ಕು ದಶಕ ಪಶ್ಚಿಮದ ಪ್ರಸೂತಿ ವೈದ್ಯರು ಈ ಪರೀಕ್ಷೆಗಳ ಆಧಾರದ ಮೇಲೆಯೇ ಹೆರಿಗೆಯ ದಿನ ಗೊತ್ತುಮಾಡುತ್ತಿದ್ದರು.

ಆಮೇಲೆ ಆ ನಂಬಿಕೆ ಕುಸಿಯಿತು. ಪರೀಕ್ಷೆ ತಪ್ಪು ಹೇಳಿದ್ದರಿಂದ ಅಲ್ಲ, ಸರಿಯಾದ ಉತ್ತರ ಸಾಲದೆ ಹೋದದ್ದರಿಂದ. ಅಮೆರಿಕದ ಅಲಬಾಮಾದ ವೈದ್ಯರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 36ರಿಂದ 38 ವಾರಗಳ ನಡುವೆ, ಶ್ವಾಸಕೋಶ ಬಲಿತಿದೆ ಎಂದು ಪರೀಕ್ಷೆಯಲ್ಲಿ ಖಚಿತವಾದ ಮೇಲೆಯೇ ಹುಟ್ಟಿಸಿದ ಮಕ್ಕಳಲ್ಲಿ ಶೇ 6.1 ಮಕ್ಕಳಿಗೆ ಗಂಭೀರ ತೊಂದರೆ ಆಗಿತ್ತು. ಯಾವ ಪರೀಕ್ಷೆಯೂ ಇಲ್ಲದೆ 39–40 ವಾರಕ್ಕೆ ಹುಟ್ಟಿದವರಲ್ಲಿ ಅದು ಶೇ 2.5. ಏಕೆಂದರೆ ಶ್ವಾಸಕೋಶ ಬಲಿತ ಮಾತ್ರಕ್ಕೆ ಯಕೃತ್ತು ಬಲಿಯುವುದಿಲ್ಲ, ರಕ್ತದ ಸಕ್ಕರೆ ಹಿಡಿದಿಟ್ಟುಕೊಳ್ಳುವ ಶಕ್ತಿ ಬರುವುದಿಲ್ಲ, ಚೀಪಿ ನುಂಗಿ ಉಸಿರಾಡುವ ಹೊಂದಾಣಿಕೆ ಬರುವುದಿಲ್ಲ. ಕೊನೆಯ ವಾರಗಳಲ್ಲಿ ಮಿದುಳು ಬೆಳೆಯುವ ವೇಗವಂತೂ ಬೆರಗು ಹುಟ್ಟಿಸುವಂತಹದ್ದು. ಶ್ವಾಸಕೋಶ ಬಲಿತಿದೆ ಎಂಬುದೊಂದೇ ಹೆರಿಗೆ ಮಾಡಿಸಲು ಕಾರಣವಾಗಬಾರದು ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ 2019ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಹೆರಿಗೆ ಬೇಗ ಆಗಲೇಬೇಕಾದ ಕಾರಣವಿದ್ದರೆ ಪರೀಕ್ಷೆಗೆ ಕಾಯಬಾರದು. ಕಾರಣವಿಲ್ಲದಿದ್ದರೆ ಪರೀಕ್ಷೆ ಏನೇ ಹೇಳಿದರೂ ಆತುರ ಪಡಬಾರದು. ಇಷ್ಟು ಸರಳವಾದ ವಿವೇಕಕ್ಕೆ ಬರಲು ವೈದ್ಯಶಾಸ್ತ್ರಕ್ಕೆ ನಲವತ್ತು ವರ್ಷ ಬೇಕಾಯಿತು. ಈಗ ಶ್ವಾಸಕೋಶದ ಸ್ಕ್ಯಾನ್ ಚಿತ್ರದ ನೇಯ್ಗೆಯನ್ನು ಕಂಪ್ಯೂಟರ್‌ನಿಂದ ವಿಶ್ಲೇಷಿಸಿ, ಸೂಜಿ ಇಲ್ಲದೆ ಪಕ್ವತೆ ಹೇಳುವ ತಂತ್ರಾಂಶಗಳು ಬಂದಿವೆ. ಅವು ಎಷ್ಟೇ ನಿಖರವಾದರೂ ಈ ತೊಡಕಿನಿಂದ ಪಾರಾಗುವುದಿಲ್ಲ.

ನಮ್ಮ ಹಿರಿಯರಲ್ಲಿ ಒಂದು ನಂಬಿಕೆ ಇತ್ತು, ಈಗಲೂ ಇದೆ: ಏಳನೆಯ ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ. ಮೇಲಿನ ಲೆಕ್ಕಗಳೆಲ್ಲ ಇದಕ್ಕೆ ವಿರುದ್ಧ. ಹೊಟ್ಟೆಯಲ್ಲಿ ಕಳೆದ ಪ್ರತಿ ವಾರವೂ ಮಗುವಿನ ಪಾಲಿಗೆ ಲಾಭವೇ.

ನೋವು ಬರುವುದಕ್ಕೆ ಮೊದಲೇ ಮಾಡುವ ಆಪರೇಷನ್‌ನಲ್ಲಿ ಇನ್ನೊಂದು ತೊಡಕಿದೆ. ಒಂಬತ್ತು ತಿಂಗಳು ನೀರು ಸ್ರವಿಸಿದ ಶ್ವಾಸಕೋಶ ಹುಟ್ಟುವ ಹೊತ್ತಿಗೆ ಕೆಲಸವನ್ನು ತಿರುಗುಮುರುಗು ಮಾಡಿ ಆ ನೀರನ್ನು ಹೀರಿಕೊಳ್ಳಬೇಕು. ಈ ತಿರುವಿಗೆ ಅಪ್ಪಣೆ ಕೊಡುವುದು ಹೆರಿಗೆ ನೋವಿನ ಸಮಯದಲ್ಲಿ ಮಗುವಿನ ರಕ್ತದಲ್ಲಿ ಉಕ್ಕುವ ಅಡ್ರಿನಲಿನ್‌ನಂತಹ ಹಾರ್ಮೋನುಗಳು. ನೋವೇ ಇಲ್ಲದೆ ಹೊರತೆಗೆದ ಮಗುವಿನ ಎದೆಯಲ್ಲಿ ನೀರು ಉಳಿದು ಅದು ಏದುಸಿರು ಬಿಡುವ ಸಾಧ್ಯತೆ ಹೆಚ್ಚು. ಅಂತಹ ಬಹುತೇಕ ಮಕ್ಕಳು ಎರಡು ಮೂರು ದಿನಕ್ಕೆ ಸರಿಹೋಗುತ್ತಾರೆ. ಆದರೆ ಆ ದಿನಗಳನ್ನು ತಾಯಿಯ ಮಗ್ಗುಲಲ್ಲಿ ಅಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಕಳೆಯುತ್ತಾರೆ. ಅಮೆರಿಕದಲ್ಲಿ ಎರಡನೆಯ ಸಲದ ಯೋಜಿತ ಸಿಸೇರಿಯನ್‌ಗಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಗುವಿಗೆ ತೊಂದರೆಯಾದ ಪ್ರಮಾಣ 37ನೆಯ ವಾರದಲ್ಲಿ ಶೇ 15.3, 38ರಲ್ಲಿ ಶೇ 11, 39ರಲ್ಲಿ ಶೇ 8. ನಕ್ಷತ್ರ ನೋಡಿ ಎರಡು ವಾರ ಮುಂಚೆ ಮುಹೂರ್ತ ಇಡುವ ಮನೆಯವರ ಮುಂದೆ ಈ ಮೂರು ಸಂಖ್ಯೆಗಳನ್ನು ಯಾರಾದರೂ ಇಡಬೇಕು.

ಇಷ್ಟು ಹೇಳಿದ ಮೇಲೆ ‘ಶ್ವಾಸಕೋಶ ಬಲಿಯುವ ಇಂಜೆಕ್ಷನ್’ ಬಗ್ಗೆ, ಅಂದರೆ ದಿನ ತುಂಬುವ ಮೊದಲೇ ಹೆರಿಗೆಯಾಗಬಹುದಾದ ತಾಯಿಗೆ ಕೊಡುವ ಸ್ಟಿರಾಯ್ಡ್ ಬಗ್ಗೆ, ಹೇಳದೆ ಇರಲಾಗದು. ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಕುರಿಗಳ ಮೇಲೆ ಬೇರೇನನ್ನೋ ಶೋಧಿಸುತ್ತಿದ್ದಾಗ, ಸ್ಟಿರಾಯ್ಡ್ ಪಡೆದು ಅವಧಿಗೆ ಮೊದಲೇ ಹುಟ್ಟಿದ ಮರಿ ಉಸಿರಾಡುತ್ತ ಬದುಕಿರುವುದನ್ನು ಗಮನಿಸಿದರು. ಮಕ್ಕಳ ವೈದ್ಯ ರಾಸ್ ಹೌವಿ ಜೊತೆ ಆಕ್ಲೆಂಡಿನಲ್ಲಿ 282 ತಾಯಂದಿರ ಮೇಲೆ ಪ್ರಯೋಗ ನಡೆಸಿ 1972ರಲ್ಲಿ ಪ್ರಕಟಿಸಿದರು. ಉಸಿರಾಟದ ತೊಂದರೆ ಶೇ 25.8ರಿಂದ ಶೇ 9ಕ್ಕೆ ಇಳಿದಿತ್ತು. ನಂತರದ ಪ್ರಯೋಗಗಳೂ ಇದನ್ನು ಎತ್ತಿಹಿಡಿದವು. ಎಷ್ಟರಮಟ್ಟಿಗೆ ಎಂದರೆ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿರುವುದು ಈ ಇಂಜೆಕ್ಷನ್‌ನ ಪ್ರಯೋಗಗಳ ನಕ್ಷೆಯೇ.

ಕರ್ನಾಟಕಕ್ಕೆ ಈ ಕಥೆಯಲ್ಲಿ ದೊಡ್ಡ ಪಾತ್ರವಿದೆ. ಶ್ರೀಮಂತ ದೇಶಗಳಲ್ಲಿ ಗೆದ್ದ ಈ ಇಂಜೆಕ್ಷನ್ ಹಳ್ಳಿಗಳಲ್ಲೂ ಗೆಲ್ಲುವುದೇ ಎಂದು ಆರು ದೇಶಗಳಲ್ಲಿ ನಡೆದ ಪ್ರಯೋಗದಲ್ಲಿ ಬೆಳಗಾವಿಯೂ ಒಂದು ಕೇಂದ್ರ, ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಅದನ್ನು ನಡೆಸಿತು. 2015ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಇಂಜೆಕ್ಷನ್ ಹೆಚ್ಚಾಗಿ ಕೊಟ್ಟ ಪ್ರದೇಶಗಳಲ್ಲಿ ನವಜಾತ ಶಿಶುಗಳ ಸಾವು ಕಡಿಮೆಯಾಗುವ ಬದಲು ಹೆಚ್ಚಾಗಿತ್ತು, ತಾಯಂದಿರ ಸೋಂಕೂ ಹೆಚ್ಚಿತ್ತು. ವಾರಗಳ ಲೆಕ್ಕ ಸರಿಯಿಲ್ಲದೆ, ದಿನ ತುಂಬುವವರೆಗೂ ಹೋಗಲಿದ್ದ ಎಷ್ಟೋ ಬಸುರಿಯರಿಗೆ ಸ್ಟಿರಾಯ್ಡ್ ಬಿದ್ದಿತ್ತು, ಹುಟ್ಟಿದ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಇರಲಿಲ್ಲ. ಐದು ವರ್ಷಗಳ ನಂತರ ವಿಶ್ವ ಆರೋಗ್ಯ ಸಂಸ್ಥೆ ಇದೇ ಪ್ರಶ್ನೆಯನ್ನು ಆಸ್ಪತ್ರೆಗಳಲ್ಲಿ, ಸ್ಕ್ಯಾನ್‌ನಿಂದ ವಾರ ಖಚಿತಪಡಿಸಿಕೊಂಡು ಮತ್ತೆ ಕೇಳಿತು. ಬೆಳಗಾವಿ ಅದರಲ್ಲೂ ಇತ್ತು. 2,852 ತಾಯಂದಿರು, 26ರಿಂದ 34 ವಾರಗಳೊಳಗೆ. ಈ ಸಲ ನವಜಾತ ಶಿಶುಗಳ ಸಾವು ಶೇ 23.5ರಿಂದ ಶೇ 19.6ಕ್ಕೆ ಇಳಿಯಿತು. ಪ್ರತಿ 25 ತಾಯಂದಿರಿಗೆ ಔಷಧ ಕೊಟ್ಟರೆ ಒಂದು ಮಗು ಉಳಿಯುತ್ತದೆ ಎಂದು ಲೆಕ್ಕ. ಇದೇ ಬಗೆಯ ಔಷಧ ಮೊದಲ ಸಲ ಕೈಕೊಟ್ಟು ಎರಡನೆಯ ಸಲ ಕಾಪಾಡಿತು. ಎರಡು ಪ್ರಯೋಗಗಳ ನಡುವೆ ಬದಲಾದದ್ದು ಯಾವ ವಾರದಲ್ಲಿ, ಎಲ್ಲಿ ಕೊಟ್ಟರು ಎಂಬುದು.

ಆದ್ದರಿಂದ 36ನೆಯ ವಾರದಲ್ಲಿ ‘ಯಾವುದಕ್ಕೂ ಇರಲಿ’ ಎಂದು ಈ ಇಂಜೆಕ್ಷನ್ ಕೊಡುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. 34 ವಾರ ದಾಟಿದ ಮೇಲೆ ಕೊಟ್ಟರೆ ಉಸಿರಾಟದ ತೊಂದರೆ ಸ್ವಲ್ಪ ಕಡಿಮೆಯಾಗುತ್ತದೆ ಎಂದು 2016ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗ ತೋರಿಸಿತು, ಆದರೆ ಅದೇ ಪ್ರಯೋಗದಲ್ಲಿ ಮಗುವಿನ ರಕ್ತದ ಸಕ್ಕರೆ ಕುಸಿಯುವ ಪ್ರಮಾಣ ಶೇ 15ರಿಂದ ಶೇ 24ಕ್ಕೆ ಏರಿತ್ತು. 34ರಿಂದ 37 ವಾರದೊಳಗಿನ ಯೋಜಿತ ಸಿಸೇರಿಯನ್‌ಗೆ ಇದನ್ನು ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ.

ನೀರಿನ ಪ್ರಶ್ನೆಯಿರಲಿ, ಶ್ವಾಸಕೋಶದ್ದಿರಲಿ, ಇಂಜೆಕ್ಷನ್‌ನದ್ದಿರಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಇಂದಿಗೆ ನಿಜವಾಗಿ ಎಷ್ಟು ವಾರ? ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ಇದನ್ನು ಹೆಚ್ಚೆಂದರೆ ಒಂದು ವಾರದ ಹೆಚ್ಚು ಕಡಿಮೆಯಲ್ಲಿ ಹೇಳುತ್ತದೆ. ಏಕೆಂದರೆ ಆಗ ಎಲ್ಲ ಮಕ್ಕಳೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಬೆಳೆಯುತ್ತವೆ. ಕೊನೆಯ ತಿಂಗಳುಗಳ ಸ್ಕ್ಯಾನ್ ಮೂರು ವಾರದಷ್ಟು ತಪ್ಪಬಹುದು. ಅಲ್ಲಿ ಯಂತ್ರ ಅಚ್ಚು ಹಾಕುವ ‘ಇಷ್ಟು ವಾರ’ ಎಂಬುದು ಮಗುವಿನ ಗಾತ್ರದ ಹೋಲಿಕೆ, ವಯಸ್ಸಲ್ಲ. ಪ್ರತಿ ಸ್ಕ್ಯಾನ್‌ನಲ್ಲೂ ಹೆರಿಗೆಯ ದಿನಾಂಕ ಬದಲಾಗುತ್ತಿದೆ ಎಂದು ಗಾಬರಿಯಾಗುವ ಮನೆಗಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಮೊದಲ ಸ್ಕ್ಯಾನ್ ಕೊಟ್ಟ ದಿನಾಂಕವೇ ಕೊನೆಯವರೆಗೆ ಲೆಕ್ಕಕ್ಕೆ. ತಾಯಿ ಕಾರ್ಡಿನ ಜೊತೆಗೆ ಆ ಒಂದು ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳುವಂತೆ ಪ್ರತಿ ಆಶಾ ಕಾರ್ಯಕರ್ತೆಯೂ ಹೇಳಬೇಕು ಎಂಬುದು ನನ್ನ ಆಸೆ.

ಎರಡನೆಯ ವೈದ್ಯೆ ನನ್ನ ಚಿಕ್ಕಮ್ಮನ ಮಗಳ ಫೈಲಿನಲ್ಲಿ ಹುಡುಕಿ ತೆಗೆದದ್ದೂ ಅದೇ ಹಾಳೆಯನ್ನು. ಒಂಬತ್ತನೆಯ ವಾರದಲ್ಲಿ ಮಾಡಿಸಿದ, ಮಡಚಿದ ಗೆರೆಯಲ್ಲಿ ಹರಿಯತೊಡಗಿದ್ದ ಸ್ಕ್ಯಾನ್. ಬೆರಳಿನಲ್ಲಿ ಎಣಿಸಿ ನೋಡಿದರು. ಅಂದಿಗೆ ಅವಳಿಗೆ 36 ವಾರ ಆಗಿರಲೇ ಇಲ್ಲ, 35 ವಾರ ಮುಗಿದಿತ್ತು ಅಷ್ಟೆ. ಮಗು ತುಸು ದಪ್ಪಗಿದ್ದುದರಿಂದ ಯಂತ್ರ ಒಂದು ವಾರ ಹೆಚ್ಚು ತೋರಿಸಿತ್ತು. ಅತ್ತೆಯವರು ಏನೂ ಮಾತನಾಡಲಿಲ್ಲ, ಮನೆಗೆ ಬಂದು ಪಂಚಾಂಗವನ್ನು ಮೊದಲಿದ್ದ ಜಾಗದಲ್ಲಿ ಇಟ್ಟರು. ನಾಲ್ಕು ವಾರಗಳ ನಂತರ, ಒಂದು ಮಂಗಳವಾರ ಬೆಳಗಿನ ಜಾವ, ಅವಳಿಗೆ ನೋವು ತಾನಾಗಿಯೇ ಕಾಣಿಸಿಕೊಂಡಿತು.